ವಿರೋಧ ಒಂದು

ಕಾಕು ಅವರ ಬಲಗೈ ಭುಜದ ಮಟ್ಟ ದಾಟುತ್ತಿರಲಿಲ್ಲ. ಎಂದೋ ಬಚ್ಚಲಲ್ಲಿ ಜಾರಿ ಬಿದ್ದಾಗ ಕೀಲು ಕೆಟ್ಟು ಅಲ್ಲಿಗೇ ನಿಂತಿತ್ತು. ಮೇಲಿನ ಹಲಗೆಯಿಂದ ಅಕ್ಕಿಯ ಡಬ್ಬಿ ತೆಗೆಯಬೇಕಾದರೆ ಎಡಗೈಯಿಂದ ಬಲ ಮೊಣಕೈ ಹಿಡಿದು, ತುಂಬಿದ ಕೊಡ ಎತ್ತುವವರ ಹಾಗೆ ಮೆಲ್ಲಗೆ ಮೇಲಕ್ಕೆ ದೂಡುತ್ತಿದ್ದರು. ಎಡಗೈಯಲ್ಲೇ ತೆಗೆಯಬಾರದೇ ಎಂದು ಒಮ್ಮೆ ಕೇಳಿದ್ದೆ.

"ಅಕ್ಕಿಗೆ ಎಡಗೈ ಹಚ್ಚತಾರೇನ, ಹುಚ್ಚಿ?" ಎಂದು ಬೈಸಿಕೊಂಡೆ.

ಕೋಥರೂಡಿನ ನಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಅವರ ಬಾಗಿಲು. ಮರಾಠಿಯವರ ಹಾಗೆ ನಾನೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ವಿಜಯಪುರದ ಕಡೆಯವರು, ಟೆಲಿಫೋನ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಈ ಮರಾಠಿ ಊರಿನಲ್ಲಿ ಕನ್ನಡದಲ್ಲಿ ಬೈಯುವವರು ಅವರೊಬ್ಬರೇ, ಹಾಗಾಗಿ ಬೈಸಿಕೊಳ್ಳಲೆಂದೇ ದಿನಕ್ಕೊಮ್ಮೆ ಹೋಗುತ್ತಿದ್ದೆ.

ಅವರಿಗೆ ಒಂದು ಚಟವಿತ್ತು. "ಎಲ್ಲಾರೂ ಹಂಗ ಮಾಡ್ತಾರ್ರಿ" ಎಂದು ಯಾರಾದರೂ ಬಾಯಿ ಬಿಟ್ಟರೆ ಹಿಡಿದು ನಿಲ್ಲಿಸುತ್ತಿದ್ದರು. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಎಲ್ಲರೂ ಸ್ಟೀಲ್ ಡಬ್ಬಿ ಕೊಡುತ್ತಾರೆ, ನಾನೂ ಕೊಡಲೇಬೇಕು ಎಂದಿದ್ದೆ.

"ಎಲ್ಲಾರೂ ಅಂದ್ರ ಯಾರ್ಯಾರು, ತಂಗಿ? ಹೆಸರು ಹೇಳು."

ಬೆರಳು ಮಡಚಿ ಎಣಿಸಿದರೆ ಮೂರೇ ಹೆಸರು ಬಂದವು. ಅವರು ಹೊಟ್ಟೆ ಹಿಡಿದು ನಕ್ಕರು.

ಸೊಸೈಟಿಯ ವಾರ್ಷಿಕ ಸಭೆ ಕೆಳಗೆ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯುತ್ತದೆ. ಆ ವರ್ಷ ಸೆಕ್ರೆಟರಿ ಸಾಹೇಬರು ಒಂದು ಠರಾವು ತಂದರು: ಮನೆಗೆಲಸದವರು ಇನ್ನು ಲಿಫ್ಟ್ ಬಳಸಕೂಡದು, ಮೆಟ್ಟಿಲು ಹತ್ತಿ ಬರಬೇಕು. ಲಿಫ್ಟ್ ಪದೇಪದೇ ಕೆಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಸಾಹೇಬರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಎದ್ದು ನಿಂತರೆ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನನ್ನ ಮನೆಗೂ ಕಾಕು ಮನೆಗೂ ಕೆಲಸಕ್ಕೆ ಬರುತ್ತಿದ್ದವಳು ಯಾದಗಿರಿ ಕಡೆಯ ನಿಂಗಮ್ಮ. ಎರಡೂ ಮೊಣಕಾಲು ಬಾತವಳು. ಐದು ಮಹಡಿ ಹತ್ತಲಾಗದಿದ್ದರೆ ಅವಳಿಗೆ ಇಬ್ಬರ ಮನೆಯ ಕೆಲಸವೂ ತಪ್ಪುತ್ತಿತ್ತು. ಇದು ನನಗೆ ಗೊತ್ತಿತ್ತು.

"ಸಗಳ್ಯಾಂನಾ ಮಾನ್ಯ ಆಹೇ ನಾ?" ಎಲ್ಲರಿಗೂ ಒಪ್ಪಿಗೆ ತಾನೇ, ಎಂದರು ಸಾಹೇಬರು. ಮುಂದಿನ ಸಾಲಿನ ಕೈಗಳು ಎದ್ದವು, ಪಕ್ಕದ ಕೈಗಳು ಎದ್ದವು. ನೆರಳಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ನಾವು ಕೊಟ್ಟ ಅರ್ಜಿ ಸಾಹೇಬರ ಬಳಿ ಇತ್ತು. ನಾನೂ ಕೈ ಎತ್ತಿದೆ.

ಅವರು ಎಣಿಸುವ ಗೋಜಿಗೂ ಹೋಗದೆ ಸಭೆಯ ಪುಸ್ತಕದಲ್ಲಿ 'ಸರ್ವಾನುಮತ' ಎಂದು ಬರೆಯತೊಡಗಿದ್ದರು.

"ಥಾಂಬಾ!" ತಡೆಯಿರಿ ಎಂದು ಹಿಂದಿನಿಂದ ದನಿ ಬಂತು.

ಕಾಕು ಎದ್ದು ನಿಂತಿದ್ದರು. ಎಡಗೈಯಿಂದ ಬಲ ಮೊಣಕೈ ಹಿಡಿದು, ಹಲ್ಲು ಕಚ್ಚಿ, ಕೈಯನ್ನು ಕಿವಿಯ ಮೇಲಕ್ಕೆ ದೂಡಿದರು. "ಏಕ ವಿರೋಧ. ಲಿಹಾ." ವಿರೋಧ ಒಂದು, ಬರೆಯಿರಿ.

ಒಬ್ಬರು ಬೇಡವೆಂದರೆ ಠರಾವು ನಿಲ್ಲುವುದಿಲ್ಲ ಎಂದು ಸಾಹೇಬರು ನಕ್ಕರು. ನಿಲ್ಲದಿರಲಿ, ಆದರೆ ಸುಳ್ಳು ಬರೆಯಬೇಡಿ ಎಂದರು ಕಾಕು. ಯಾರೋ "ಸಾಕು, ಕೂಡ್ರಿ" ಎಂದರು. ಕೂಡಲಿಲ್ಲ. ಸಾಹೇಬರು ಬರೆದ ಶಬ್ದಕ್ಕೆ ಅಡ್ಡಗೆರೆ ಎಳೆದು 'ವಿರೋಧ: ಒಂದು' ಎಂದು ಬರೆದ ಮೇಲೆಯೇ ಆ ಕೈ ಇಳಿಯಿತು. ನಾನು ತಲೆ ಎತ್ತಲಿಲ್ಲ.

ಮರುದಿನದಿಂದ ಕಾಕು ಲಿಫ್ಟ್ ಬಿಟ್ಟರು. ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದು, ನಿಂಗಮ್ಮ ಬರುವವರೆಗೆ ಗೇಟಿನ ಹತ್ತಿರ ನಿಂತಿದ್ದು, ಅವಳೊಡನೆ ಒಂದೊಂದೇ ಮಹಡಿ ಹತ್ತುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದನ್ನು ತಡೆಯಲಾಗದೆ ಒಂದು ದಿನ ಮೂರನೇ ಮಹಡಿಯಲ್ಲಿ ಅವರನ್ನು ಅಡ್ಡಗಟ್ಟಿದೆ.

"ಈ ವಯಸ್ಸಿನಾಗ ಇದೆಲ್ಲಾ ಯಾಕ್ರಿ, ಕಾಕು? ಅವತ್ತ ಎಲ್ಲಾರೂ ಕೈ ಎತ್ತಿದ್ರು..."

"ಎಲ್ಲಾರೂ ಅಂದ್ರ ಯಾರ್ಯಾರು?"

"ನಾನು, ಕಾಕು," ಎಂದೆ.

ಅವರು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಳಿತರು. ಪಕ್ಕದಲ್ಲಿ ನಿಂಗಮ್ಮನೂ ಕುಳಿತಳು. "ಅಂತೂ ಒಂದ ಹೆಸರು ಸಿಕ್ತು ನೋಡು," ಎಂದು ಹಾಲಿನ ಚೀಲ ನನ್ನ ಕೈಗಿತ್ತರು. "ಹಿಡಿ, ಭಾಳ ಭಾರ ಅದ." ಅಂದಿನಿಂದ ನಾವು ಮೂವರೂ ಮೆಟ್ಟಿಲು ಹತ್ತಿದೆವು.

ಮುಂದಿನ ಸಭೆಗೆ ಒಂದು ತಿಂಗಳಿರುವಾಗ ಕಾಕು ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹಟಕ್ಕೆ ಬಿದ್ದು ಮೆಟ್ಟಿಲು ಹತ್ತಿಯೇ ಹೋದರು ಎಂದು ಎಲ್ಲರೂ ಅಂದರು. ಯಾರ್ಯಾರು ಎಂದು ಕೇಳುವ ಶಕ್ತಿ ಆಗ ನನಗಿರಲಿಲ್ಲ.

ಸಭೆಯಲ್ಲಿ ಮೊದಲು ಹಿಂದಿನ ವರ್ಷದ ನಡಾವಳಿ ಓದಬೇಕು. ಲಿಫ್ಟಿನ ಠರಾವು ಬಂದಾಗ ಎದ್ದು ನಿಂತು, ಇದನ್ನು ಮತ್ತೆ ಮತಕ್ಕೆ ಹಾಕಿ ಎಂದೆ. ಎಲ್ಲರೂ ಒಪ್ಪಿದ್ದೇ ಆಗಿದೆಯಲ್ಲ ಎಂದರು ಸಾಹೇಬರು. ಇಲ್ಲ, ವಿರೋಧ ಒಂದು ಎಂದು ನಿಮ್ಮದೇ ಅಕ್ಷರದಲ್ಲಿದೆ, ಓದಿ ಎಂದೆ. ಗಂಡ ಸೆರಗು ಜಗ್ಗುತ್ತಿದ್ದರು. ಆದರೂ ಕೇಳಿದೆ: "ಎಲ್ಲರೂ ಅಂದರೆ ಯಾರ್ಯಾರು? ಈ ಸಲ ಕೈ ಬೇಡ. ಹಾಜರಿ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ."

ಕೂಗಿದರು. ಕೈ ಎತ್ತುವಾಗ ಬಾರದ ನಾಚಿಕೆ ಹೆಸರು ಕೂಗಿದಾಗ ಬಂತು. ಮೊದಲನೇ ಮಹಡಿಯ ಅಜ್ಜಿ ಸಾಹೇಬರ ಮುಖ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡು "ನಾಹೀ" ಎಂದರು. ಹದಿನೆಂಟು ಮನೆಗಳಲ್ಲಿ ಹನ್ನೊಂದು ಮನೆಯವರು ಬೇಡವೆಂದರು. ನನ್ನ ಗಂಡನೂ ಸೆರಗು ಬಿಟ್ಟರು.

ಈಗ ನಿಂಗಮ್ಮ ಲಿಫ್ಟಿನಲ್ಲಿ ಬರುತ್ತಾಳೆ. ಕಾಕು ಮನೆಗೆ ಬೇರೆ ಯಾರೋ ಬಂದಿದ್ದಾರೆ. ಸಭೆಯ ಪುಸ್ತಕದ ಆ ಹಳೆಯ ಪುಟ ಮಾತ್ರ ಹಾಗೇ ಇದೆ, ಅಲ್ಲಿ ಠರಾವಿನ ಪರ ಎದ್ದ ಕೈಗಳಲ್ಲಿ ನನ್ನದೂ ಒಂದು. ಅದನ್ನು ಹೊಡೆದುಹಾಕಲು ಬರುವುದಿಲ್ಲ. ಅದಕ್ಕೇ ಪ್ರತಿ ಸಭೆಯಲ್ಲೂ ಹಿಂದಿನ ಸಾಲಿನಲ್ಲಿ, ಅವರು ಕೂಡುತ್ತಿದ್ದ ಕಡೆಯೇ ಕೂಡುತ್ತೇನೆ. ನನ್ನ ಬಲಗೈ ಇನ್ನೂ ಚೆನ್ನಾಗಿ ಮೇಲೇಳುತ್ತದೆ.