ಔಟ್‌ಹೌಸ್ ಅಂದರೆ ಕೊಟ್ಟಿಗೆ

ಬಾಡಿಗೆಗೆ ಮನೆ ನೋಡುವಾಗ ಮೊದಲು ಕೊರತೆ ಹುಡುಕಿ, ಹೊಗಳಿಕೆ ಆಮೇಲೆ. ಹಳೇ ಕುರ್ಚಿ ಮೇಜು ಕೊಂಡು ಮಾರಿ ಮೇಲೆ ಬಂದವನ ಮಾತು, ನಂಬಬಹುದು.

ಐವತ್ತರ ದಶಕದ ಮೊದಲಲ್ಲಿ ನಾನು ಅಂಗಡಿಯ ಹಿಂಬದಿಯಲ್ಲೇ ಮಲಗುತ್ತಿದ್ದೆ. ಬಾಣಂತನಕ್ಕೆಂದು ಕಡಕೊಳದ ತವರಿಗೆ ಹೋದ ಹೆಂಡತಿ ಐದು ತಿಂಗಳಾದರೂ ಬಂದಿರಲಿಲ್ಲ. "ಮೈಸೂರಲ್ಲಿ ಒಂದು ಮನೆ ಅಂತ ಮಾಡಪ್ಪ, ಆಮೇಲೆ ಮಗಳ್ನ ಕಳಿಸ್ತೀನಿ" ಎಂದು ಮಾವ ಹಟ ಹಿಡಿದಿದ್ದರು. ಮಗುವಿನ ಮುಖ ನೋಡಿದ್ದು ನಾಮಕರಣದ ದಿನ ಮಾತ್ರ.

ಚಾಮರಾಜಪುರಂನಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರ ಹಿತ್ತಲಲ್ಲಿ ಎರಡು ಕೋಣೆಯ ಔಟ್‌ಹೌಸ್ ಖಾಲಿ ಇದೆಯೆಂದು ತಿಳಿದು ಹೋಗಿ ಕೇಳಿದೆ. ಇಂಗ್ಲಿಷರು ಹಡಗು ಹತ್ತಿ ಹೋದದ್ದಕ್ಕಿಂತ, ಅವರ ಭಾಷೆಯನ್ನು ನಮ್ಮಂಥವರ ಕೈಗೆ ಬಿಟ್ಟುಹೋದದ್ದೇ ಮೇಷ್ಟ್ರಿಗೆ ಹೆಚ್ಚು ಸಂಕಟ.

"ಔಟ್‌ಹೌಸ್ ಅಂದ್ರೆ ಮನೆ ಅಲ್ಲ ಕಣ್ರೀ. ಸೌದೆ ಒಟ್ಟೋ, ದನ ಕಟ್ಟೋ ಕೊಟ್ಟಿಗೆ. ನೀವೋ, ಇಡ್ಲಿ ತಿನ್ನೋ ಜಾಗಕ್ಕೆ ಹೋಟೆಲ್ ಅಂತೀರಿ. ರಾತ್ರಿ ಮಲಗಕ್ಕೆ ಹೋದ್ರೆ ಓಡಿಸ್ತಾರೆ. ಗಿರಾಕಿಗೆ ಪಾರ್ಟಿ ಅಂತೀರಿ. ಎಲ್ಲಾ ಕೆಡಿಸ್ಬುಟ್ರಿ!"

ಹೊಸ ಪಾಠ ಕಲಿತವನ ಹಾಗೆ ಕೈಮುಗಿದೆ. "ನಿಮ್ಮ ಮಾತೇ ಮಾತು ಸಾರ್. ಹಾಗಾದ್ರೆ ಕೊಟ್ಟಿಗೆ ಬಾಡಿಗೆ ಎಷ್ಟು ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಶುದ್ಧ ಇಂಗ್ಲಿಷಿಗೆ ಇಷ್ಟು ಖರ್ಚು ಬೀಳುತ್ತದೆಂದು ಅವರಿಗೆ ಆವತ್ತೇ ಗೊತ್ತಾದದ್ದು. ಆಡಿದ್ದನ್ನು ನುಂಗುವ ಜಾಯಮಾನ ಅವರದಲ್ಲ. ಕೇಳಬೇಕೆಂದಿದ್ದ ಬಾಡಿಗೆಯ ಅರ್ಧಕ್ಕೆ ಒಪ್ಪಿದರು.

ಮುಂದಿನ ವಾರ ಮಾವ ಮಗಳನ್ನೂ ಮೊಮ್ಮಗುವನ್ನೂ ಕರೆತಂದರು. ಒಳಗೊಮ್ಮೆ ಇಣುಕಿ, ಹೊರಗೇ ನಿಂತು ಗದರಿದರು: "ಏನಪ್ಪಾ ಇದು? ನಮ್ಮ ಕೊಟ್ಟಿಗೆನೇ ಇದಕ್ಕಿಂತ ದೊಡ್ಡದು. ನಡಿಯವ್ವಾ, ಊರಿಗೇ ಓಗಾಣ." ಹೆಂಡತಿ ಮಗುವನ್ನೆತ್ತಿಕೊಂಡು ಹೊಸಿಲ ಆಚೆಗೇ ನಿಂತಳು. ಕಾಲು ಮುರಿದ ಮೇಜನ್ನೂ ಹೊಗಳಿ ಮಾರುತ್ತಿದ್ದ ನಾನು ಕಿಟಕಿಯನ್ನೂ ಸೂರನ್ನೂ ಹೊಗಳಿ ನೋಡಿದೆ, ಮಾವ ಜಗ್ಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಜಗಲಿಯಿಂದ ದಡಬಡ ಇಳಿದು ಬಂದರು. "ಕೊಟ್ಟಿಗೆ ಅಂತ ಯಾರ್ರೀ ಹೇಳಿದ್ದು? ಔಟ್‌ಹೌಸ್ ಕಣ್ರೀ ಇದು! ಔಟ್‌ಹೌಸ್ ಅಂದ್ರೆ ಸಂಸಾರಸ್ಥರು ಇರೋ ಮನೆ. ಮೈಸೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಮಾವ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು. "ಔಟೌಸಾ? ಅಂಗನ್ನಿ ಮತ್ತೆ! ಊರಲ್ಲಿ ಅಂಗೇ ಏಳ್ತೀನಿ ಬುಡಿ" ಎಂದು ಚಪ್ಪಲಿ ಬಿಟ್ಟು ಒಳಗೆ ನಡೆದರು. ಹಿಂದೆಯೇ ಹೆಂಡತಿ, ಮಗು.

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ಈಗ ಅದು ಮನೆ ಆಯ್ತಲ್ಲ, ಬಾಡಿಗೆನೂ ಮನೇದೇ ಆಗ್ಬೇಕು" ಎಂದು ಮೆಲ್ಲಗೆ ಹೇಳಿದರು.

ಒಪ್ಪಿಕೊಂಡೆ. ಮಾವನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಯಾರೂ ಚೌಕಾಸಿಗೆ ಇಳಿಯಬೇಡಿ.