ಗಂಡನ ಕುದುರೆ ಸೋಲುತ್ತದೆಂದು ಬಾಜಿ ಕಟ್ಟಿದ ಹೊಂಬಾಳಮ್ಮ

ಹೊಂಬಾಳಮ್ಮನ ತವರು ಬಸರಾಳು. ಅವಳ ಅಪ್ಪ ಗಿಡ್ಡ ತಟ್ಟುಕುದುರೆಗಳ ಮೇಲೆ ಹುಣಸೆಹಣ್ಣು, ಉಪ್ಪು, ಹುರುಳಿ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದವನು. ಮನೆಯಲ್ಲಿ ಗಂಡುಮಕ್ಕಳು ತಡವಾಗಿ ಹುಟ್ಟಿದ್ದರಿಂದ ಆ ತಟ್ಟುಗಳಿಗೆ ಹುಲ್ಲು ಹಾಕುವುದು, ಮೈ ತಿಕ್ಕುವುದು, ಗೊರಸಿಗೆ ಸಿಕ್ಕ ಕಲ್ಲು ಕೀಳುವುದು ಎಲ್ಲ ಹಿರಿಮಗಳ ಪಾಲಿಗೆ ಬಂದಿತ್ತು. ಕೊತ್ತತ್ತಿಯ ತಿಮ್ಮಯ್ಯನಿಗೆ ಅವಳನ್ನು ಕೊಟ್ಟಾಗ ಅಪ್ಪ ಹೇಳಿದ್ದು ಒಂದೇ ಮಾತು: "ಅವನ ಮನೇಲೂ ಕುದುರೆ ಅದೆ, ನಿಂಗೆ ಬೇಜಾರಾಗಾಕಿಲ್ಲ ಬುಡು."

ತಿಮ್ಮಯ್ಯ ಮೈಸೂರಿನ ಕುದುರೆ ಪಡೆಯಲ್ಲಿ ಕೆಲವು ವರ್ಷ ಸವಾರನಾಗಿದ್ದು, ಅಪ್ಪ ತೀರಿದ ಮೇಲೆ ಗದ್ದೆ ನೋಡಿಕೊಳ್ಳಲು ಊರಿಗೆ ಮರಳಿದ್ದ. ಬರುವಾಗ ಒಂದು ಕೆಂಪು ಹೆಣ್ಣುಕುದುರೆ ತಂದಿದ್ದ. ಅದಕ್ಕೆ ಕೆಂದಿ ಅಂತ ಹೆಸರು. ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಸುವ ಮಾತಿಗೆ ಮಂಡ್ಯಕ್ಕೆ ಹೋಗಬೇಕಾದರೂ ಸರಿ, ಪಕ್ಕದ ಗದ್ದೆಗೆ ನೀರು ತಿರುಗಿಸಬೇಕಾದರೂ ಸರಿ, ಅವನು ಕೆಂದಿಯ ಮೇಲೆಯೇ ಹೋಗುತ್ತಿದ್ದ. ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದವು. ಅವುಗಳನ್ನು ಹಿಂದೆ ಹಾಕಿ ಹೋಗುವುದು ತಿಮ್ಮಯ್ಯನಿಗೆ ಒಂದು ಹುಚ್ಚು.

ಆಗ ನಮ್ಮ ಕಡೆ ಯುಗಾದಿಗೆ ಮುಂಚೆ 'ಹಾರೋ ಪಂದ್ಯ' ಅಂತ ಒಂದು ನಡೆಯುತ್ತಿತ್ತು. ಯುಗಾದಿಯ ಜೂಜನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಹಬ್ಬದ ದಿನ ಜಗುಲಿಗಳಲ್ಲಿ ಇಸ್ಪೀಟು ಎಲೆ ಹಾಕುತ್ತಾರೆ. ಆದರೆ ಅದಕ್ಕೆ ಮೊದಲು ಜನ ಕಾಯುತ್ತಿದ್ದದ್ದು ಈ ಪಂದ್ಯಕ್ಕೆ. ಬೇಸಗೆಯಲ್ಲಿ ನಾಲೆಗೆ ನೀರು ನಿಲ್ಲಿಸುತ್ತಿದ್ದರು. ಕಬ್ಬು ಕಡಿದ ಬಯಲು, ಅದರ ಕೊನೆಗೆ ಬತ್ತಿದ ಕಾಲುವೆ. ಬಯಲಲ್ಲಿ ಕಬ್ಬಿನ ಸೋಗೆಯ ಹೊರೆಗಳನ್ನು ಅಡ್ಡಡ್ಡ ಎರಡು ಸಾಲು ಪೇರಿಸುವರು. ಕುದುರೆ ಆ ಎರಡನ್ನೂ ಹಾರಿ, ಆಮೇಲೆ ಕಾಲುವೆ ಹಾರಿ, ಆಚೆಗಿದ್ದ ಹೊಂಗೆಮರ ಮುಟ್ಟಬೇಕು. ಮೊದಲು ಮುಟ್ಟಿದ್ದು ಗೆದ್ದಂತೆ. ಮಂಡ್ಯದ ಜಟಕಾದವರು, ಮದ್ದೂರಿನ ದನದ ದಳ್ಳಾಳಿಗಳು, ಮಳವಳ್ಳಿಯ ಕುದುರೆ ಸಾಕುವವರು ಎಲ್ಲ ಸೇರುತ್ತಿದ್ದರು. ಬೆಲ್ಲ, ಟಗರು, ಹುಂಜ, ರಾಗಿ, ಹೊಸ ರುಮಾಲು, ಏನನ್ನು ಬೇಕಾದರೂ ಬಾಜಿ ಕಟ್ಟಬಹುದು. ಊರಿನ ಹಿರಿಯ ಮರಿಸಿದ್ದಯ್ಯನ ಮುಂದೆ ಬಾಯಲ್ಲಿ ಹೇಳಿದರೆ ಸಾಕು, ಆ ಮಾತು ತಪ್ಪುವ ಹಾಗಿಲ್ಲ.

ಕೆಂದಿ ಬಂದಂದಿನಿಂದ ಕೊತ್ತತ್ತಿಯವರು ಸೋತದ್ದಿಲ್ಲ. ಸಾವಿರದ ಒಂಬೈನೂರ ನಲವತ್ತಮೂರರ ಪಂದ್ಯಕ್ಕೂ ಮಳವಳ್ಳಿಯ ಕರಿಯಪ್ಪನ ಕಪ್ಪು ಗಂಡುಕುದುರೆಯ ಎದುರು ತಿಮ್ಮಯ್ಯ ಒಂದು ಗಾಡಿ ಬೆಲ್ಲದ ಬಾಜಿ ಕಟ್ಟಿ ಬಂದ. ಊರಿನವರೂ ತಮ್ಮ ತಮ್ಮ ಶಕ್ತಿಯಂತೆ ಕೆಂದಿಯ ಮೇಲೆ ಕಟ್ಟಿದರು.

ಸುದ್ದಿ ಕೇಳಿ ಹೊಂಬಾಳಮ್ಮ ರಾಗಿ ಬೀಸುವುದನ್ನು ನಿಲ್ಲಿಸಿದಳು.

"ಕೆಂದಿ ಗಬ್ಬ ಅದೆ. ಆರುಸ್ಬೇಡ" ಅಂದಳು.

"ಯಾರೇಳುದ್ರು?"

"ಯಾರೇಳ್ಬೇಕು? ಕಾರ್ತೀಕದಲ್ಲಿ ಮದ್ದೂರು ಸಂತೇಲಿ ನೀನು ಎತ್ತು ನೋಡಕ್ಕೋಗಿದ್ದೆ. ಗಾಡಿ ತಾವ ಕೆಂದಿ ಜೊತೆ ನಾನಿದ್ದೆ. ಇದೇ ಕರಿಯಪ್ಪನ ಕುದುರೆ ಅಗ್ಗ ಕಿತ್ಕೊಂಡು ಬಂತು. ಬುಡ್ಸೋ ಒತ್ಗೆ ಆಗೋದು ಆಗೋಗಿತ್ತು. ಅವತ್ತೇ ಏಳಿವ್ನಿ."

"ಒಂದ್ಸಲ ಬಂದ್ರೆ ಗಬ್ಬ ಆಗ್ಬುಡ್ತದಾ? ಒಟ್ಟೆ ನೋಡು, ಎಂಗಿತ್ತೋ ಅಂಗೇ ಅದೆ."

"ಒಟ್ಟೆ ಈಗ್ಲೇ ಕಾಣಾಕಿಲ್ಲ. ಅವತ್ತಿಂದ ಒಂದ್ಸಲಾನೂ ಬೆದೆಗೆ ಬಂದಿಲ್ಲ ಅದು. ಪಕ್ಕೆ ಮುಟ್ಟುದ್ರೆ ಕಿವಿ ಇಂದಕ್ಕೆ ಆಕ್ತದೆ. ನಮ್ಮಪ್ಪನ ತಟ್ಟುಗಳು ಇಂಗೇ ಮಾಡವು."

ತಿಮ್ಮಯ್ಯ ನಕ್ಕ. ಕೆಂದಿಯನ್ನು ತಟ್ಟುಗಳಿಗೆ ಹೋಲಿಸಿದ್ದು ಅವನಿಗೆ ಹಿಡಿಸಲಿಲ್ಲ. ಮಾತು ಕೊಟ್ಟಾಗಿದೆ, ಈಗ ಹಿಂದೆ ಸರಿದರೆ ಮಳವಳ್ಳಿಯವರು ಹೆದರಿದ ಅನ್ನುತ್ತಾರೆ ಅಂದುಬಿಟ್ಟ. ಮತ್ತೆರಡು ಸಲ ಹೇಳಿದಳು. ಮೂರನೆಯ ಸಲ ಅವನು ಊಟ ಬಿಟ್ಟು ಎದ್ದು ಹೋದ.

ಮರುದಿನ ಬೆಳಿಗ್ಗೆ ಹೊಂಬಾಳಮ್ಮ ಸೆರಗು ಬಿಗಿದುಕೊಂಡು ಮರಿಸಿದ್ದಯ್ಯನ ಜಗುಲಿಗೆ ಹೋದಳು. ಗಂಡಸರು ಏಳೆಂಟು ಮಂದಿ ಕೂತಿದ್ದರು. ನಿಂತುಕೊಂಡೇ ಹೇಳಿದಳು:

"ಮಾವ, ನಾನೂ ಬಾಜಿ ಕಟ್ಟಕ್ಕೆ ಬಂದಿವ್ನಿ. ಕೆಂದಿ ಸೋಲ್ತದೆ ಅಂತ. ನಂಗೆ ತವರಿಂದ ಕೊಟ್ಟ ಎಮ್ಮೆ ಕಟ್ತೀನಿ."

ಹೆಂಗಸರು ಅದುವರೆಗೆ ಬಾಜಿ ಕಟ್ಟಿದ್ದಿಲ್ಲ. ಗಂಡನ ಕುದುರೆ ಸೋಲಲಿ ಅಂತ ಹೆಂಡತಿ ಕಟ್ಟುವುದನ್ನಂತೂ ಯಾರೂ ಕೇಳಿರಲಿಲ್ಲ. ಅವಳ ಲೆಕ್ಕ ಬೇರೆ ಇತ್ತು. ಮನೆಯವಳೇ ನಂಬುತ್ತಿಲ್ಲ ಅಂದರೆ ಊರಿನವರು ಬಾಜಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಆಗ ತಿಮ್ಮಯ್ಯನಿಗೂ ನಿಲ್ಲಿಸಲು ಒಂದು ನೆಪ ಸಿಗುತ್ತದೆ ಅಂದುಕೊಂಡಿದ್ದಳು. ಆದದ್ದು ಹಾಗಲ್ಲ. ತಿಮ್ಮಯ್ಯನ ದಾಯಾದಿ ತಮ್ಮ ಚಿಕ್ಕಮಾದಯ್ಯ ತೊಡೆ ತಟ್ಟಿಕೊಂಡು ನಕ್ಕು, "ಆಯ್ತು ಅತ್ಗೆ, ನನ್ನೆಮ್ಮೆ ಕಟ್ತೀನಿ. ಸೋತ್ಮೇಲೆ ಅಳಬಾರ್ದು" ಅಂದ. ಮರಿಸಿದ್ದಯ್ಯ ಎರಡು ಸಲ ಯೋಚಿಸು ಅಂದ. ಅವಳು ಆಗಲೇ ಯೋಚಿಸಿದ್ದಾಯಿತು ಅಂದಳು.

ವಿಷಯ ತಿಮ್ಮಯ್ಯನ ಕಿವಿಗೆ ಬಿದ್ದದ್ದು ಕಮ್ಮಾರನ ಕುಲುಮೆಯಲ್ಲಿ, ಹತ್ತು ಜನರ ಎದುರಿಗೆ. ಪಂದ್ಯದ ದಿನದವರೆಗೆ ಅವನು ಹೆಂಡತಿಯೊಡನೆ ಮಾತಾಡಲಿಲ್ಲ. ಅವಳು ಬಡಿಸುವುದನ್ನು ಬಿಡಲಿಲ್ಲ, ಕೆಂದಿಗೆ ಹುರುಳಿ ಬೇಯಿಸುವುದನ್ನೂ ಬಿಡಲಿಲ್ಲ.

ಪಂದ್ಯದ ದಿನ ಬಯಲ ತುಂಬ ಜನ. ನಾಲ್ಕು ಕುದುರೆಗಳು ಹೊರಟವು. ಮೊದಲ ಸಾಲಿನಲ್ಲೇ ಮಂಡ್ಯದ ಜಟಕಾ ಕುದುರೆಯೊಂದು ಹಾರದೆ ನಿಂತು ಸವಾರನನ್ನು ಸೋಗೆಯ ಮೇಲೆ ಕೆಡವಿತು. ಎರಡನೆಯ ಸಾಲು ದಾಟುವಾಗ ಕೆಂದಿ ಕರಿಯಪ್ಪನ ಕುದುರೆಗಿಂತ ಒಂದು ಮಾರು ಮುಂದಿತ್ತು. ಕೊತ್ತತ್ತಿಯವರು ಕೂಗುತ್ತಾ ಕಾಲುವೆಯ ಏರಿಯ ಕಡೆ ಓಡಿದರು. ಹೊಂಬಾಳಮ್ಮ ಏರಿಯ ಮೇಲೇ ಇದ್ದಳು. ಬೇರೆ ಹೆಂಗಸರು ಅವಳಿಂದ ದೂರ ನಿಂತಿದ್ದರು.

ಕಾಲುವೆ ಇನ್ನೇನು ಬಂತು ಅನ್ನುವಾಗ ತಿಮ್ಮಯ್ಯ ಲಗಾಮು ಎಳೆದು ಕೆಂದಿಯನ್ನು ಪಕ್ಕಕ್ಕೆ ತಿರುಗಿಸಿಬಿಟ್ಟ. ಕೆಂದಿ ಏರಿಯ ಉದ್ದಕ್ಕೂ ಓಡಿ ನಿಧಾನವಾಯಿತು. ಕಪ್ಪು ಕುದುರೆ ಕಾಲುವೆ ಹಾರಿ ಹೋಗಿ ಹೊಂಗೆಮರ ಮುಟ್ಟಿತು.

ಸ್ವಲ್ಪ ಹೊತ್ತು ಯಾರಿಗೂ ಏನಾಯಿತೆಂದು ಗೊತ್ತಾಗಲಿಲ್ಲ. ಆಮೇಲೆ ಜನ ತಿಮ್ಮಯ್ಯನನ್ನು ಸುತ್ತಿಕೊಂಡರು.

"ಯಾಕ್ಲಾ ಎಳ್ದೆ?" ಅಂದ ಮರಿಸಿದ್ದಯ್ಯ.

"ಎಳೀಬೇಕು ಅನ್ನುಸ್ತು, ಎಳ್ದೆ."

ಚಿಕ್ಕಮಾದಯ್ಯ ಮುಂದೆ ಬಂದ. "ಗಂಡ ಲಗಾಮು ಎಳೀತಾನೆ, ಎಂಡ್ರು ಎಮ್ಮೆ ಒಡ್ಕೊಂಡು ಓಯ್ತಾಳೆ. ಚೆನ್ನಾಗದೆ ಕಣ್ಲಾ ನಿಮ್ ಸಂಸಾರ" ಅಂದ.

ಆ ಮಾತು ಎಲ್ಲರಿಗೂ ನಾಟಿತು. ಟಗರು ಕಳೆದುಕೊಂಡವನು, ರಾಗಿ ಕಳೆದುಕೊಂಡವನು, ಎಲ್ಲರೂ ಗಂಡ ಹೆಂಡತಿ ಒಳಗೊಳಗೇ ಮಾತಾಡಿಕೊಂಡು ಊರಿಗೆ ಮೋಸ ಮಾಡಿದರು ಅಂದರು. ತಿಮ್ಮಯ್ಯ ಕೆಂದಿಯ ಜೀನು ಸಡಿಲಿಸತೊಡಗಿದ. ಒಂದು ವಾರದಿಂದ ಹೆಂಡತಿಯೊಡನೆ ಮಾತೇ ಆಡಿಲ್ಲ ಅಂತ ಹೇಳಿಕೊಳ್ಳುವುದಾದರೂ ಹೇಗೆ?

ಹೊಂಬಾಳಮ್ಮ ಏರಿ ಇಳಿದು ಬಂದಳು. "ಮಾದಯ್ಯ, ನಿನ್ನೆಮ್ಮೆ ನಿನ್ ಕೊಟ್ಟಿಗೇಲೇ ಇರ್ಲಿ. ಕೆಂದಿ ಮರಿ ಆಕುದ್ ದಿನ ಬಂದು ಒಡ್ಕೊಂಡ್ ಓಯ್ತೀನಿ. ದಸರಾ ಕಳದ್ರೂ ಆಕ್ನಿಲ್ಲ ಅಂದ್ರೆ ನನ್ನೆಮ್ಮೆನೂ ನೀನೇ ಕಟ್ಕೊ" ಅಂದಳು. ಮರಿಸಿದ್ದಯ್ಯ ಅದಕ್ಕೆ ಒಪ್ಪಿದ. ಬೇರೆ ದಾರಿ ಅವನಿಗೂ ತೋಚಿರಲಿಲ್ಲ.

ಮನೆಗೆ ಬಂದ ಮೇಲೆ ಕೆಂದಿಯ ಬೆನ್ನಿನ ಬೆವರು ಒರೆಸುತ್ತಾ ತಿಮ್ಮಯ್ಯ ತಾನಾಗಿಯೇ ಹೇಳಿದ. "ನೀನೇಳ್ದೆ ಅಂತ ಎಳೀನಿಲ್ಲ ನಾನು. ಎರಡ್ನೇದು ದಾಟುವಾಗ ನರಳ್ದಂಗೆ ಉಸುರು ಬುಡ್ತು. ಯಾವತ್ತೂ ಅಂಗೆ ಬುಟ್ಟಿರ್ನಿಲ್ಲ. ಕಾಲುವೆ ಆರು ಅಂದಿದ್ರೆ ಆರ್ಬುಡೋದು. ಅನ್ನಾಕೆ ಮನಸ್ಸು ಬರ್ನಿಲ್ಲ."

"ಸರಿ ಬುಡು" ಅಂದಳು ಹೊಂಬಾಳಮ್ಮ. ಬಿಸಿನೀರು ತರಲು ಒಳಗೆ ಹೋದಳು.

ಬಾಜಿಯ ಬೆಲ್ಲದ ಗಾಡಿ ಮಳವಳ್ಳಿಗೆ ಹೋಯಿತು. ಯುಗಾದಿಯ ದಿನ ತಿಮ್ಮಯ್ಯನ ಮನೆಯವರಿಗೆ ಯಾರೂ ಬೇವು ಬೆಲ್ಲ ಕೊಡಲಿಲ್ಲ. ಅದು ಹೋಗಲಿ ಅಂದರೆ, ನಾಟಿಯ ಕಾಲಕ್ಕೆ ಮುಯ್ಯಾಳುಗಳೂ ಬರಲಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗುವುದು ಊರಿನ ಪದ್ಧತಿ. ಅದು ತಪ್ಪಿದರೆ ಗದ್ದೆ ಬೀಳು ಬಿದ್ದಂತೆಯೇ. ಬಸರಾಳಿನಿಂದ ಹೊಂಬಾಳಮ್ಮನ ತಂಗಿ ಮಾಯಮ್ಮ, ಇಬ್ಬರು ತಮ್ಮಂದಿರು ಬಂದರು. ತಿಮ್ಮಯ್ಯ ಪೈರು ಹೊತ್ತು ತಂದು ಹಾಕಿದ, ಉಳಿದವರು ಬಗ್ಗಿ ನೆಟ್ಟರು. ಎಲ್ಲರ ನಾಟಿ ಮುಗಿದು ಎಷ್ಟೋ ದಿನವಾದ ಮೇಲೆ ಇವರದು ಮುಗಿಯಿತು. ಆ ವರ್ಷ ಬೆಳೆ ಕಡಿಮೆಯೇ ಬಂತು.

ಕೆಂದಿಯ ಹೊಟ್ಟೆ ಮಾತ್ರ ಶ್ರಾವಣದ ಹೊತ್ತಿಗೆ ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ. ನೀರಿಗೆ ಹೋಗುವ ಹೆಂಗಸರು ಕೊಟ್ಟಿಗೆಯ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ಬರೀ ಹುಲ್ಲು ತಿಂದು ಉಬ್ಬಿದೆ ಅಂತ ಚಿಕ್ಕಮಾದಯ್ಯ ಇನ್ನೂ ವಾದಿಸುತ್ತಿದ್ದ. ಆದರೆ ದನಿ ಇಳಿದಿತ್ತು.

ಮಹಾನವಮಿಗೆ ಎರಡು ದಿನ ಇದ್ದಾಗ ಬೆಳಗಿನ ಜಾವ ಕೆಂದಿಗೆ ನೋವು ಬಂತು. ಮರಿಯ ಒಂದು ಮುಂಗಾಲು ಮಡಚಿಕೊಂಡಿತ್ತು. ತಿಮ್ಮಯ್ಯ ಕೆಂದಿಯ ತಲೆ ಹಿಡಿದುಕೊಂಡ. ಹೊಂಬಾಳಮ್ಮ ಮೊಣಕೈವರೆಗೆ ಹರಳೆಣ್ಣೆ ಬಳಿದುಕೊಂಡು ಒಳಗೆ ಕೈ ಹಾಕಿ ಕಾಲು ನೇರ ಮಾಡಿದಳು. ಹೊತ್ತು ಮೇಲೇರಿದಾಗ ಹೆಣ್ಣುಮರಿ ಹೊರಗೆ ಬಿತ್ತು. ಮೈ ಕಪ್ಪು. ನಿಲ್ಲಲು ಬಹಳ ತಡಮಾಡಿತು, ಆದರೆ ನಿಂತಿತು. ಹೊಂಬಾಳಮ್ಮನ ಕೈ ಬಾತುಕೊಂಡು ಎಷ್ಟೋ ದಿನ ಮುದ್ದೆ ತೊಳಸಲು ಆಗಲಿಲ್ಲ.

ಮಧ್ಯಾಹ್ನದೊಳಗೆ ಅರ್ಧ ಊರು ಬಂದು ನೋಡಿಹೋಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಒಬ್ಬಳು ಮರಿಗೆ ದೃಷ್ಟಿ ತೆಗೆದಳು, ಇನ್ನೊಬ್ಬಳು ಒಂದು ಕಂತೆ ಹಸಿಹುಲ್ಲು ಹಾಕಿ ಹೋದಳು. ಸಂಜೆ ಚಿಕ್ಕಮಾದಯ್ಯ ತಾನೇ ಎಮ್ಮೆ ಹಿಡಿದುಕೊಂಡು ಬಂದ. ಹಗ್ಗವನ್ನು ಅವಳ ಕೈಗೆ ಕೊಡಲು ನಾಚಿ ಕಂಬಕ್ಕೆ ಕಟ್ಟಿದ.

"ಬ್ಯಾಡ ಅನ್ತೀಯ ಅಂದ್ಕೊಂಡಿದ್ದೆ" ಅಂದ.

"ಯಾಕೆ ಬ್ಯಾಡ ಅನ್ಲಿ? ಗೆದ್ದಿವ್ನಿ."

ಎಮ್ಮೆ ಕೊಟ್ಟಿಗೆ ಸೇರಿತು. ಆದರೆ ಚಿಕ್ಕಮಾದಯ್ಯನ ಮನೆಯಲ್ಲಿ ಎಳೆಯ ಮಕ್ಕಳಿದ್ದವು. ಆ ಎಮ್ಮೆಯ ಹಾಲು ಬತ್ತುವವರೆಗೂ ಒಂದು ತಂಬಿಗೆ ಹಾಲು ದಿನವೂ ಆ ಮನೆಗೆ ಹೋಗುತ್ತಿತ್ತು.

ಮುಂದಿನ ಯುಗಾದಿಗೂ ಪಂದ್ಯ ನಡೆಯಿತು. ತಿಮ್ಮಯ್ಯ ಕೆಂದಿಯನ್ನು ಓಡಿಸಲಿಲ್ಲ, ನೋಡುವುದಕ್ಕೆ ಮಾತ್ರ ಹೋದ. ಬಾಜಿ ಕಟ್ಟುವವರು ಒಬ್ಬೊಬ್ಬರಾಗಿ ಹೊಂಬಾಳಮ್ಮನ ಹತ್ತಿರ ಬಂದು ಯಾವ ಕುದುರೆ ಹಾರುತ್ತದೆ ಅಂತ ಕೇಳತೊಡಗಿದರು. ಅವಳು ಯಾರಿಗೂ ಹೇಳಲಿಲ್ಲ. ಈಯುವ ಹಸು ಎಮ್ಮೆಗೆ ಕರೆದರೆ ಮಾತ್ರ ಯಾವ ಮನೆಗಾದರೂ ಹೋಗುತ್ತಿದ್ದಳು, ಬರುವಾಗ ತಡವಾಗಿ ಕರೆದರೆಂದು ಬೈದು ಬರುತ್ತಿದ್ದಳು.

ಯುದ್ಧ ಮುಗಿದ ಮಾರನೆಯ ವರ್ಷ ಆ ಬಯಲನ್ನೆಲ್ಲ ತಗ್ಗುದಿಣ್ಣೆ ಸರಿಮಾಡಿ ಭತ್ತದ ಗದ್ದೆ ಮಾಡಿದರು. ಕುದುರೆ ಓಡಿಸಲು ಜಾಗ ಉಳಿಯಲಿಲ್ಲ. ಪಂದ್ಯ ತಾನಾಗಿಯೇ ನಿಂತಿತು. ಕಪ್ಪು ಮರಿ ಬೆಳೆದು ದೊಡ್ಡದಾಗಿತ್ತು. ನಲವತ್ತೇಳರಲ್ಲಿ ಹೊಂಬಾಳಮ್ಮನ ಅಪ್ಪ ಹಾಸಿಗೆ ಹಿಡಿದಾಗ ತಿಮ್ಮಯ್ಯ ಅವಳನ್ನು ಅದರ ಮೇಲೆ ಕೂರಿಸಿ, ತಾನು ಲಗಾಮು ಹಿಡಿದು ನಡೆದುಕೊಂಡೇ ಬಸರಾಳಿಗೆ ಕರೆದುಕೊಂಡು ಹೋದ.