ಅನಸವ್ವನ ಹೋಳಿಗಿ, ಸರಕಾರದ ಮಗ್ಗ

ಬನಹಟ್ಟಿಯ ನೇಕಾರ ಓಣಿಯ ಅನಸವ್ವಗ ಒಂದು ಕೆಟ್ಟ ಚಟ ಇತ್ತು. ಮನಿಗೆ ಯಾರೇ ಬರಲಿ, ಉಣ್ಣಿಸದ ಕಳಸೂದಿಲ್ಲ. ಕರೆಂಟ್ ಬಿಲ್ ಕೊಡಾಕ ಬಂದವ, ಜಗಳಾ ತಗ್ಯಾಕ ಬಂದ ಬಾಜೂ ಮನಿಯಾಕಿ, ಎಲ್ಲಾರೂ ಗಂಗಾಳದ ಮುಂದ ಕುಂತು ಎದ್ದs ಹೋಗಬೇಕು. ಗಂಡ ತೀರಿಕೊಂಡ ಮ್ಯಾಲಂತೂ ಈ ಚಟ ವಿಪರೀತ ಆಗಿತ್ತು.

ಆಕಿ ಅಣ್ಣನ ಮಗಳು ಬನಶಂಕರಿ ಹೊಳಿ ಆಚಿನ ಒಂದೂರಾಗ ಕೈಮಗ್ಗ ನೇಯ್ಕೊಂಡಿದ್ದಳು. ಆ ಊರಿನ ಶಾಣ್ಯಾ ಮಂದಿ ಊರಬಾಗಿಲ ಅಗಸಿಗೆ ಯಾರ ಹೆಸರಿನ ಕಮಾನು ಕಟ್ಟಬೇಕು ಅಂತ ಎರಡು ಪಾರ್ಟಿ ಆದರು. ಕಮಾನಂತೂ ಏಳಲಿಲ್ಲ, ಮನಿಗೋಳು ಸುಟ್ಟವು. ಬನಶಂಕರಿಯ ಮನಿ, ಮಗ್ಗ ಎರಡೂ ಬೂದಿ ಆದವು. ಯಾರ ಹೆಸರಿಗೆ ತನ್ನ ಮನಿ ಸುಟ್ಟಿತು ಅನ್ನೂದು ಆಕಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಉಟ್ಟ ಸೀರಿ ಮ್ಯಾಲೆ ಗಂಡ, ಮಗಳನ್ನ ಕರಕೊಂಡು ಅತ್ತಿ ಮನಿ ಬಾಗಿಲಿಗೆ ಬಂದು ನಿಂತಳು.

ಸರಕಾರಕ್ಕ ಎಚ್ಚರ ಆತು. ಗಲಾಟ್ಯಾಗ ಊರು ಬಿಟ್ಟವರಿಗೆ ತುರ್ತು ಪರಿಹಾರ ಸಾರಿತು: ರೇಶನ್ನು, ಹಾಸಿಗಿ, ನೇಕಾರರಿಗೆ ಹೊಸ ಮಗ್ಗ. ಸಾಲ್ಯಾಗ ಗಂಜಿ ಕೇಂದ್ರಾನೂ ತೆರೀತು. ಅಲ್ಲಿಗೆ ಒಂದು ನರಪಿಳ್ಳಿನೂ ಹೋಗಲಿಲ್ಲ. ಮುಧೋಳದಾಗ ಒಬ್ಬರ ಸ್ವಾದರಮಾವ, ತೇರದಾಳದಾಗ ಒಬ್ಬರ ಅಕ್ಕ, ಸಾಲ್ಯಾಗ ಮಲಗಾಕ ಬಿಡ್ತಾರೇನು? ಕೇಂದ್ರಕ್ಕ ಕೀಲಿ ಬಿತ್ತು. ಬಳಗದವರ ಮನ್ಯಾಗ ಇದ್ದವರ ಕಷ್ಟ ಖರೆನೋ ಸುಳ್ಳೋ ನೋಡ್ಕೊಂಡು ಬಾ ಅಂತ ಕಂದಾಯ ಕಚೇರಿಯ ತಲಾಟಿ ಚನಮಲ್ಲಪ್ಪನ್ನ ಕಳಿಸಿದರು.

ಸಾಹೇಬ ಬರತಾನ ಅಂತ ಸುದ್ದಿ ಮುಟ್ಟಿದ್ದs ತಡ, ಅನಸವ್ವ ಮನಿ ಸಾರಿಸಿದಳು. ಬನಶಂಕರಿಗೆ ತನ್ನ ಇಳಕಲ್ ಸೀರಿ ಉಡಿಸಿ, ಕೈತುಂಬ ಬಳಿ ಇಡಿಸಿದಳು. ಅಣ್ಣನ ಮಗಳು ಹರಕ ಸೀರ್ಯಾಗ ಸರಕಾರದ ಮುಂದ ನಿಂತರ ತವರಮನಿ ಮಾನ ಏನು ಉಳೀತು? ಮ್ಯಾಲೆ ಹೋಳಿಗಿ, ತುಪ್ಪ, ಕಟ್ಟಿನ ಸಾರು. ತಲಾಟಿ ಬಂದವನs ಮನ್ಯಾಗ ನೀರು ಎಷ್ಟು ಫೂಟು ಬಂದಿತ್ತು ಅಂತ ಕೇಳಿದ. ಪಾಪ, ನೌಕರಿಗೆ ಸೇರಿದಾಗಿಂದ ಹೊಳಿ ಬಂದಿದ್ದಕ್ಕಷ್ಟs ಪರಿಹಾರ ಬರದಾವ. ಬೆಂಕಿ ಅಂದಾಗ ಗಲಿಬಿಲಿ ಆದ, ಹೋಳಿಗಿ ಬಂದಾಗ ಸಮಾಧಾನ ಆದ. ಬೆರಳು ನೆಕ್ಕಿಕೋತ ಕಚೇರಿಗೆ ಹೋಗಿ, ಮಂದಿ ಸುಖದಾಗ ಅದಾರ, ಹೋಳಿಗಿ ಉಣ್ಣತಾರ ಅಂತ ವರದಿ ಕೊಟ್ಟ.

ಆ ವರದಿ ನೋಡಿ ಕಚೇರಿಯವರು ಬನಶಂಕರಿಗೆ ಮಗ್ಗ ಇಲ್ಲ ಅಂದರು. ಬಾಜೂ ಮನಿ ಮಗ್ಗದ ಸಪ್ಪಳ ಸುರು ಆದರ ಸಾಕು, ಬನಶಂಕರಿ ಕೈ ಹಿಚಿಕಿಕೋತ ಕುಂಡ್ರತಿದ್ದಳು. ಒಂದು ಮಗ್ಗ ಬಂದರ ಹುಡುಗಿ ಬಾಳೇ ತಿರುಗಿ ಬಂದಂಗ. ಅನಸವ್ವ ಕಚೇರಿಗೆ ಹೋಗಿ, ಅಲ್ಲಿದ್ದವರ ನೀರಿಳಿಸಿ, ಇನ್ನೊಮ್ಮೆ ತಪಾಸಣಿ ಮಾಡಾಕ ಹಚ್ಚಿಯೇ ಬಂದಳು. ಈ ಸಲ ಆ ತಲಾಟಿಗೆ ಒಂದು ಹನಿ ನೀರೂ ಕೊಡೂದಿಲ್ಲ ಅಂತ ಕುಲದೇವರ ಆಣಿ ಮಾಡಿದಳು.

ಚನಮಲ್ಲಪ್ಪ ಮಟಮಟ ಮಧ್ಯಾಹ್ನ ಬಂದ. ಒಲಿ ಹಚ್ಚಿರಲಿಲ್ಲ, ಚಾಪಿ ಹಾಸಿರಲಿಲ್ಲ. ಬನಶಂಕರಿ ಹಳೀ ಸೀರ್ಯಾಗ ಮೂಲ್ಯಾಗ ಕುಂತಿದ್ದಳು. ಆತ ಅಡಿಗಿಮನಿ ಕಡೆ ಒಂದೆರಡು ಸಲ ನೋಡಿದ, ಹಣಿ ಒರಸಿಕೊಂಡ, ಕಡೀಕ ನಾಚಿಕಿ ಬಿಟ್ಟ.

"ಒಂದ ತಂಬಿಗಿ ನೀರ ಕೊಡ್ರಿ ಅನಸವ್ವಾರ, ಬಾಯಿ ಒಣಗೇತಿ."

ಅನಸವ್ವ ಸೆರಗು ಬಾಯಿಗೆ ಒತ್ತಿಕೊಂಡು ಗ್ವಾಡಿ ಕಡೆ ತಿರುಗಿದಳು. ಜೀವಮಾನದಾಗ ಇಷ್ಟು ಕಷ್ಟದ ಕೆಲಸ ಆಕಿ ಮಾಡಿರಲಿಲ್ಲ.

ಬನಶಂಕರಿ ಎದ್ದು ಒಳಗ ಹೋಗಿ ತಂಬಿಗಿ ನೀರು, ವಾಟ್ಯಾಗ ಬೆಲ್ಲ ತಂದು ಆತನ ಮುಂದ ಇಟ್ಟಳು. ತಲಾಟಿ ಬೆಲ್ಲ ತಿಂದ, ಗಟಗಟ ಕುಡಿದ, ಗದ್ದ ಒರಸಿಕೊಂಡು ಪೆನ್ನು ತಗದ. ಬೆಲ್ಲದ ಡಬ್ಬಿ ಎಲ್ಲೈತಿ ಅಂತ ಗೊತ್ತಿದ್ದಾಕಿ ಮನಿ ಇಲ್ಲದಾಕಿ ಹೆಂಗ ಆಗತಾಳ? ಈ ಹೆಣ್ಣಮಗಳು ಇದs ಮನಿಯಾಕಿ, ಪರಿಹಾರದ ಜರೂರಿಲ್ಲ ಅಂತ ಬರದು ಗಾಡಿ ಹತ್ತಿದ. ಮಗ್ಗ ಅಲ್ಲಿಗೆ ಮುಗೀತು.

"ನಿನಗ ಬುದ್ಧಿ ಐತೋ ಇಲ್ಲೋ ಬೇ? ನೀರ ಯಾಕ ಕೊಟ್ಟಿ?" ಅಂತ ಅನಸವ್ವ ಹರಿಹಾಯ್ದಳು.

ಬನಶಂಕರಿ ತಂಬಿಗಿ ತೊಳದು ಬೋರಲು ಹಾಕಿದಳು.

"ಅಂವ ಬಾಗಿಲಿಗೆ ಬಂದು ನೀರ ಕೇಳಿದ, ಅತ್ತಿ. ನಾನೂ ಅವತ್ತ ಇದs ಬಾಗಿಲಾಗ ನಿಂತು ಮೊದಲ ನೀರs ಕೇಳಿದ್ದೆ."